ಹೊಲದ ಲೆಕ್ಕ, ಪುಸ್ತಕದ ಲೆಕ್ಕ

ಹಲಕರ್ಣಿಯ ಪಾಲಕರೇ, ಗಡಹಿಂಗ್ಲಜದ ಸಂತೆಯಲ್ಲಿ ‘ಪಾವ ಕಿಲೋ’, ‘ದೀಡ ಕಿಲೋ’ ಎಂದರೆ ನಿಮ್ಮ ಮಗು ತಡವರಿಸದೆ ದುಡ್ಡು ಎಣಿಸಿ ಕೊಡುತ್ತದೆ. ಅದೇ ಮಗು ಪುಸ್ತಕದಲ್ಲಿ ‘ಮೂರನೇ ಒಂದು ಭಾಗ’ ಎಂದು ಓದಿ ಪೆನ್ಸಿಲ್ ಕಚ್ಚುತ್ತ ಕೂಡುತ್ತದೆ. ಆಗ ‘ಕನ್ನಡ ಶಾಲೆಗೆ ಹಾಕಿದ್ದಕ್ಕೇ ಗಣಿತ ಹಿಂದೆ ಬಿತ್ತು’ ಎಂದು ಅವಸರಪಡಬೇಡಿ. ಬಹಳ ಸಲ ಮಗು ಎಡವುವುದು ವಾಕ್ಯ ಓದುವಾಗ. ವಾಕ್ಯ ಬಿಡಿಸಲು ಮನೆಮಾತೇ ದೊಡ್ಡ ಆಸರೆ.

ಒಂದು ಲೆಕ್ಕ ನೋಡಿ. ಮುಕ್ಕಾಲು ಎಕರೆ ಹೊಲ. ಮೂರನೇ ಒಂದು ಭಾಗ ಕಬ್ಬು, ಉಳಿದುದರ ಅರ್ಧ ಸೋಯಾಬೀನ್, ಮಿಕ್ಕಿದ್ದು ಸೇಂಗಾ. ಸೇಂಗಾ ಎಷ್ಟು ಗುಂಟೆ? ಎಕರೆಗೆ 40 ಗುಂಟೆ. ಮುಕ್ಕಾಲು ಎಂದರೆ 30. ಕಬ್ಬಿಗೆ 10 ಹೋದರೆ ಉಳಿದದ್ದು 20. ಅದರ ಅರ್ಧ ಸೋಯಾಬೀನ್. ಸೇಂಗಾಕ್ಕೆ 10 ಗುಂಟೆ. ‘ಉಳಿದುದರ’ ಎಂಬ ಪದ ಹಾರಿಸಿ ಓದಿದ ಮಗು 30ರ ಅರ್ಧ 15 ಕಳೆದು, ಸೇಂಗಾ 5 ಗುಂಟೆ ಎನ್ನುತ್ತದೆ. ಭಾಗಾಕಾರ ಸರಿ, ಉತ್ತರ ತಪ್ಪು.

ಆಕೃತಿಗಳೂ ಹೊಲದಲ್ಲೇ ಇವೆ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಚೌಕ. 1,089 ಚದರ ಅಡಿ. 165 ಅಡಿ ಉದ್ದ, 66 ಅಡಿ ಅಗಲದ ತುಂಡಿನಲ್ಲಿ ಉದ್ದಕ್ಕೆ 5, ಅಗಲಕ್ಕೆ 2 ಇಂಥ ಚೌಕಗಳು ಕೂಡುತ್ತವೆ: 10 ಗುಂಟೆ. ಬಿತ್ತನೆ ಕೇಳಿದರೆ ವಿಸ್ತೀರ್ಣ, ಬೇಲಿ ಕೇಳಿದರೆ ಸುತ್ತಳತೆ. ಇಲ್ಲಿ ಬೇಲಿ 462 ಅಡಿ.

ಇನ್ನು ಅಸಮತೆ. ಕೈಯಲ್ಲಿ 100 ರೂಪಾಯಿ. ಬಸ್ಸಿಗೆ 25 ತೆಗೆದಿಡಬೇಕು. 30 ರೂಪಾಯಿಯ ನೋಟುಬುಕ್ ಎಷ್ಟು ಬಂದಾವು? 75ನ್ನು 30ರಿಂದ ಭಾಗಿಸಿದರೆ ಎರಡೂವರೆ. ಅರ್ಧ ನೋಟುಬುಕ್ ಯಾರೂ ಮಾರುವುದಿಲ್ಲ, ಹೆಚ್ಚೆಂದರೆ 2. ‘ಹೆಚ್ಚೆಂದರೆ’, ‘ಕಡಿಮೆಯೆಂದರೆ’, ‘ಮೀರದಂತೆ’ ಎಂಬ ಪದಗಳು ಅರ್ಥವಾದರೆ ಚಿಹ್ನೆ ತಾನಾಗಿ ಬರುತ್ತದೆ.

ನಾನು ಕನ್ನಡ, ತಮಿಳು ಎರಡೂ ಶಾಲೆಗಳನ್ನು ಬಲ್ಲೆ. ನಾವು ಕಾಲು, ಅರೆ, ಮುಕ್ಕಾಲು ಎಂದರೆ ಅವರು ಕಾಲ್, ಅರೈ, ಮುಕ್ಕಾಲ್ ಎನ್ನುತ್ತಾರೆ. ಭಿನ್ನರಾಶಿ ನಮಗೆ ಪರಕೀಯವಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ.

ನೀವು ಗಣಿತ ಕಲಿತಿರಬೇಕೆಂದಿಲ್ಲ. ಸಂಜೆ ಮಗು ಪೆನ್ಸಿಲ್ ಹಿಡಿಯುವ ಮೊದಲು ಮೂರು ಪ್ರಶ್ನೆ ಕೇಳಿ: ಏನು ಕೊಟ್ಟಿದ್ದಾರೆ? ಏನು ಕೇಳಿದ್ದಾರೆ? ಭಾಗ ಎಂದರೆ ಯಾವುದರ ಭಾಗ? ಉತ್ತರ ಬಂದ ಮೇಲೆ ಇನ್ನೊಂದು: ಇದು ನಮ್ಮ ಹೊಲಕ್ಕೆ, ನಮ್ಮ ಕಿಸೆಗೆ ಒಪ್ಪುತ್ತದೆಯೇ?