ಹಿರಿಯರ ಮನೆ, ಹಣ ಕೈತಪ್ಪಿದಾಗ

ವಯಸ್ಸಾದವರ ಆಸ್ತಿ, ಹಣ ಲಪಟಾಯಿಸುವವರಲ್ಲಿ ಮನೆಯೊಳಗಿನವರೂ ಇರುತ್ತಾರೆ, ಹೊರಗಿನವರೂ ಇರುತ್ತಾರೆ. ಯಾವ ಕಚೇರಿಗೆ ಹೋಗಬೇಕೆಂಬುದು ಮೋಸ ಮಾಡಿದವರು ಯಾರು ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳಲ್ಲಿ ಹಿಂದೊಮ್ಮೆ ಅಗ್ಗಕ್ಕೆ ಸಿಕ್ಕ ಸೈಟಿನಲ್ಲಿ ನೌಕರದಾರರು ಕಟ್ಟಿಕೊಂಡ ಮನೆಗಳು ಈಗ ಕೋಟಿಗಟ್ಟಲೆ ಬಾಳುತ್ತವೆ. ಮಾಲೀಕರ ಕೈಗೆ ಬರುವುದು ಮಾತ್ರ ತಿಂಗಳ ಪಿಂಚಣಿ. ಹಾಗಾಗಿ ಮನೆಯವರ ಕಣ್ಣು ಮೊದಲು ಬೀಳುವುದು ಮನೆಯ ಮೇಲೇ.

ಆಸ್ತಿ ಕೈದಾಟುವ ಸಾಮಾನ್ಯ ದಾರಿ ದಾನಪತ್ರ. ಹತ್ತಿರದ ಸಂಬಂಧಿಗಳಿಗೆ ಬರೆದುಕೊಟ್ಟರೆ ಮುದ್ರಾಂಕ ಶುಲ್ಕ ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ವಿಲ್ ಬರೆದವರು ಬದುಕಿರುವವರೆಗೆ ಅದನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ನೋಂದಣಿಯಾದ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂತೆಗೆದುಕೊಳ್ಳಲು ಬರುವುದಿಲ್ಲ. ಈ ವ್ಯತ್ಯಾಸ ಬಹಳ ಮಂದಿಗೆ ತಿಳಿಯುವುದು ರುಜು ಹಾಕಿದ ಮೇಲೆ.

ಇಂಥವರಿಗಾಗಿಯೇ ಇರುವುದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ. ಇದರ 23ನೇ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ 60 ದಾಟಿದವರು ಆಸ್ತಿ ಕೊಟ್ಟಿದ್ದು, ಪಡೆದವರು ಆ ಮಾತಿಗೆ ತಪ್ಪಿದರೆ, ಆ ವರ್ಗಾವಣೆ ಮೋಸ ಅಥವಾ ಒತ್ತಾಯದಿಂದ ಆದದ್ದೆಂದು ಭಾವಿಸಿ ನ್ಯಾಯಮಂಡಳಿ ರದ್ದುಪಡಿಸಬಹುದು. ಎಲ್ಲ ತಕರಾರು ಏಳುವುದು ಆ ಷರತ್ತಿನ ಸುತ್ತಲೇ. ಅಂಥ ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಲಮು ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುದೇಶ್ ಛಿಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಊರ್ಮಿಳಾ ದೀಕ್ಷಿತ್ ತೀರ್ಪು ಹಿರಿಯರ ಪರವಾಗಿ ಉದಾರವಾಗಿ ನಿಂತಿತು: ಮಗನಿಗೆ ಕೊಟ್ಟ ಮನೆ ತಾಯಿಗೆ ಮರಳಿತು, ಸ್ವಾಧೀನ ಕೊಡಿಸುವ ಅಧಿಕಾರವೂ ನ್ಯಾಯಮಂಡಳಿಗೆ ಇದೆ ಎಂದಾಯಿತು. ಆದರೂ 'ಜೀವಮಾನವಿಡೀ ನೋಡಿಕೊಳ್ಳತಕ್ಕದ್ದು' ಎಂಬ ಒಂದು ಸಾಲನ್ನು ಪತ್ರದಲ್ಲೇ ಬರೆಸಿಕೊಂಡವರ ದಾರಿ ಸಲೀಸು. ಮಕ್ಕಳೆದುರು ಅದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಕಾಯ್ದೆ ಎಡವುವುದೂ ಅಲ್ಲೇ.

ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯೇ ಈ ನ್ಯಾಯಮಂಡಳಿಯ ಮುಖ್ಯಸ್ಥರು. ಜಯನಗರದ ಸುತ್ತಲಿನವರಿಗೆ ಅದು ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ಉಪವಿಭಾಗ. ರಾಮನಗರಕ್ಕೆ ಈಚೆಗೆ ಇಟ್ಟ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಅರ್ಜಿಯನ್ನು ಹಿರಿಯರೇ ಕೊಡಬಹುದು, ಅವರು ಒಪ್ಪಿಸಿದ ಬೇರೆಯವರೂ ಸಂಸ್ಥೆಯೂ ಕೊಡಬಹುದು. ಜೀವನಾಂಶದ ಅರ್ಜಿ ನೋಟಿಸು ಮುಟ್ಟಿದ 90 ದಿನಗಳೊಳಗೆ ಇತ್ಯರ್ಥವಾಗಬೇಕೆಂದು ಕಾಯ್ದೆ ಹೇಳುತ್ತದೆ. ಕಾಯ್ದೆಯಲ್ಲಿರುವ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಮಹಾನಗರದ ಔಷಧಿ ಅಂಗಡಿಯ ಲೆಕ್ಕಕ್ಕೂ ಅದು ಸಾಲದೆ ಹೋಗಬಹುದು. ಮೇಲ್ಮನವಿ ಜಿಲ್ಲಾಧಿಕಾರಿಯ ಮುಂದೆ, 60 ದಿನಗಳೊಳಗೆ.

ನೇರವಾಗಿ ಅರ್ಜಿ ಹಾಕಲು ಹಿಂಜರಿಯುವವರಿಗೆ 1090 ಇದೆ. ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಲ್ಲಿ ಆರಂಭಿಸಿದ ಈ ಹಿರಿಯರ ಸಹಾಯವಾಣಿ ಆಪ್ತಸಲಹೆ, ರಾಜಿ ಸಂಧಾನಗಳಿಂದ ಹಿಡಿದು ಕಾನೂನಿನ ದಾರಿಯವರೆಗೆ ನೆರವಾಗುತ್ತದೆ. ದೇಶಕ್ಕೆಲ್ಲ ಒಂದೇ ಆದ ಎಲ್ಡರ್‌ಲೈನ್ ಸಂಖ್ಯೆ 14567. ವಕೀಲರ ಖರ್ಚು ಭರಿಸಲಾಗದವರು ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿರುವ ರಾಜ್ಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು; ಉಚಿತ ನೆರವು ಪಡೆಯಲು ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ.

ಹೊರಗಿನವರ ಮೋಸದಲ್ಲಿ ಸಮಯವೇ ಮುಖ್ಯ. ಸಿಬಿಐ ಅಧಿಕಾರಿಯ ಸೋಗಿನಲ್ಲಿ ವಿಡಿಯೊ ಕರೆ ಮಾಡಿ ಹೆದರಿಸುವ 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಕಳ್ಳರು ಅದನ್ನು ಖಾತೆಯಿಂದ ಖಾತೆಗೆ ದಾಟಿಸಿ ತೆಗೆದುಕೊಳ್ಳುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತದೆ. ಮರುದಿನ ಮಕ್ಕಳನ್ನು ಕೇಳಿ ಹೇಳೋಣ ಎಂದು ಕಾದರೆ ಆ ಅವಕಾಶ ಉಳಿಯುವುದು ಕಷ್ಟ. ಬ್ಯಾಂಕಿಗೂ ಆಗಲೇ ತಿಳಿಸಬೇಕು: ಆರ್‌ಬಿಐಯ 2017ರ ಸುತ್ತೋಲೆಯ ಪ್ರಕಾರ, ಒಟಿಪಿಯನ್ನು ತಾನೇ ಕೊಟ್ಟ ಗ್ರಾಹಕರೂ ಬ್ಯಾಂಕಿಗೆ ತಿಳಿಸಿದ ನಂತರ ಆಗುವ ಅನಧಿಕೃತ ವಹಿವಾಟಿನ ನಷ್ಟಕ್ಕೆ ಹೊಣೆಯಲ್ಲ. ಬ್ಯಾಂಕು 30 ದಿನಗಳಲ್ಲಿ ಉತ್ತರಿಸದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಠೇವಣಿ ಇಟ್ಟ ಬ್ಯಾಂಕೇ ಕುಸಿದರೆ ಏನಾಗುತ್ತದೆಂದು ಈ ಭಾಗದ ನಿವೃತ್ತರು 2020ರ ಜನವರಿಯಲ್ಲಿ ಕಂಡರು. ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನಿಂದ 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಆರ್‌ಬಿಐ ಆಗ ನಿರ್ಬಂಧ ಹಾಕಿತು. ಮರುತಿಂಗಳು ದೇಶದ ಎಲ್ಲ ಠೇವಣಿದಾರರ ವಿಮೆ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ಆ ಹಣವನ್ನು 90 ದಿನಗಳಲ್ಲಿ ಕೊಡಬೇಕೆಂಬ ತಿದ್ದುಪಡಿ 2021ರಲ್ಲಿ ಬಂತು. ವಿಮೆಯ ಮಿತಿ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ. ಅದಕ್ಕಿಂತ ಹೆಚ್ಚಿನ ಹಣಕ್ಕೆ ಬ್ಯಾಂಕಿನ ಸಾಲ ವಸೂಲಾಗುವವರೆಗೆ ಕಾಯಬೇಕು.