ಪಂಪ್‌ಮನೆಗೆ ಮಿತವೆಚ್ಚದ ಕಾವಲು ಕ್ಯಾಮೆರಾ

ಕೇಬಲ್ ಕಳ್ಳರಿಗೆ ವಿದ್ಯುತ್ ಇಲ್ಲದ ವೇಳೆಯೇ ಅನುಕೂಲ. ಲೈನಿನ ವಿದ್ಯುತ್ತನ್ನೇ ನಂಬಿದ ಕ್ಯಾಮೆರಾ ಆಗಲೇ ಕುರುಡಾಗುತ್ತದೆ. ಆದ್ದರಿಂದ ರೈತರು ಕ್ಯಾಮೆರಾ ಕೊಳ್ಳುವ ಮೊದಲು ಬ್ಯಾಟರಿಯ ಲೆಕ್ಕ ಹಾಕುವುದು ಸೂಕ್ತ.

5 ವ್ಯಾಟ್ ಬಳಸುವ 4ಜಿ ಸಿಮ್ ಕ್ಯಾಮೆರಾಕ್ಕೆ 24 ಗಂಟೆಗೆ 120 ವ್ಯಾಟ್-ಅವರ್ ವಿದ್ಯುತ್ ಬೇಕು. 12 ವೋಲ್ಟ್, 20 ಆಂಪಿಯರ್-ಅವರ್‌ನ ಲೆಡ್-ಆಸಿಡ್ ಬ್ಯಾಟರಿಯಲ್ಲಿ 240 ವ್ಯಾಟ್-ಅವರ್ ಇದ್ದರೂ, ಅದರ ಬಾಳಿಕೆಗಾಗಿ ಅರ್ಧದಷ್ಟನ್ನು ಮಾತ್ರ ಬಳಸಬೇಕು. ಅದು ಒಂದು ದಿನಕ್ಕೆ ಸಾಲುತ್ತದೆ. ಮಳೆಗಾಲದ ಮೋಡದ ದಿನಗಳಿಗೆ ಇಮ್ಮಡಿ ಸಾಮರ್ಥ್ಯವಿರಲಿ. ಬ್ಯಾಟರಿ ತುಂಬಲು ಸೌರಫಲಕದೊಂದಿಗೆ ಚಾರ್ಜ್ ನಿಯಂತ್ರಕವನ್ನು ತಪ್ಪದೆ ಅಳವಡಿಸಿರಿ.

ಕ್ಯಾಮೆರಾವನ್ನು ಕೈಗೆಟುಕದ ಎತ್ತರದಲ್ಲಿ ಕೂರಿಸಬೇಕು. ಕಿಟಕಿಯ ಗಾಜಿನ ಒಳಗಿಟ್ಟರೆ ಇನ್‌ಫ್ರಾರೆಡ್ ಬೆಳಕು ಪ್ರತಿಫಲಿಸಿ ರಾತ್ರಿಯ ಚಿತ್ರ ಮಸುಕಾಗುತ್ತದೆ. ಚಲನೆ ಕಂಡಾಗ ಮಾತ್ರ ಚಿತ್ರೀಕರಿಸುವಂತೆ ಹೊಂದಿಸಿದಲ್ಲಿ ಡೇಟಾ ಉಳಿತಾಯವಾಗುತ್ತದೆ. ಕ್ಯಾಮೆರಾದೊಂದಿಗೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿರಿ.