ಹಳೆ ಜೀಪಿಗೆ ಹೈಡ್ರಾಲಿಕ್ ಕ್ಲಚ್: ನಂಬಿಕೆ ಏನು, ಸತ್ಯ ಏನು?

1932ರ ಫೋರ್ಡಿನಂಥ ಹಳೆ ಕಾರಿಗೆ ಹೊಸ ಕಾಲದ ಎಂಜಿನ್, ಗೇರ್‌ಬಾಕ್ಸ್ ಕೂರಿಸಿ ಓಡಿಸುವುದು ಅಮೆರಿಕದ ಹಾಟ್ ರಾಡ್ ಹವ್ಯಾಸ. ನಮ್ಮ ಕಡೆ ಅದೇ ಆಸೆ ಮೂಡುವುದು ಹಳೆ ಜೀಪಿನ ಮೇಲೆ. ಗುಬ್ಬಿ, ಕುಣಿಗಲ್ ಸೀಮೆಯ ತೆಂಗಿನ ತೋಟಗಳಿಗೆ ಒಪ್ಪುವ ಗಾಡಿ ಅದು. ಅಜ್ಜನ ಕಾಲದ ವಿಲ್ಲೀಸ್ ಅಥವಾ ಮಹೀಂದ್ರ ಸಿಜೆ-3ಬಿ ಮನೆಯಲ್ಲಿ ನಿಂತಿದ್ದರೆ, ಅದಕ್ಕೆ ಬೊಲೆರೊದ ಐದು ಗೇರಿನ ಪೆಟ್ಟಿಗೆ, ಜೊತೆಗೊಂದು ಹೈಡ್ರಾಲಿಕ್ ಕ್ಲಚ್ ಹಾಕಿಸೋಣ ಎಂಬ ಮಾತು ಬಂದೇ ಬರುತ್ತದೆ. ತುಮಕೂರಿನ ಅಂಚಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಲೇತ್, ಮಿಲ್ಲಿಂಗ್, ವೆಲ್ಡಿಂಗ್ ಎಲ್ಲ ಹತ್ತಿರದಲ್ಲೇ ಇರುವಾಗ ಕೆಲಸ ಸುಲಭ ಅನಿಸುವುದೂ ಸಹಜ.

ಕೆಲಸ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಆದರೆ ಇದು ಅಳತೆಯ ಕೆಲಸ. ಅಂದಾಜಿನಲ್ಲಿ ಕೈ ಹಾಕಿದರೆ ಗಾಡಿಯೂ ಕೆಡುತ್ತದೆ, ಹಣವೂ ಹೋಗುತ್ತದೆ. ಬಾಯಿಂದ ಬಾಯಿಗೆ ಹರಡಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಹೈಡ್ರಾಲಿಕ್ ಹಾಕಿದರೆ ಪೆಡಲ್ ತಾನಾಗಿಯೇ ಹಗುರವಾಗುತ್ತದೆ.

ಸತ್ಯ: ಹಗುರ ಮಾಡುವುದು ಆಯಿಲ್ ಅಲ್ಲ, ಎರಡು ಸಿಲಿಂಡರುಗಳ ವ್ಯಾಸದ ಲೆಕ್ಕ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ 19 ಮಿ.ಮೀ., ಕ್ಲಚ್ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರ್ 22 ಮಿ.ಮೀ. ಎಂದಿಟ್ಟುಕೊಳ್ಳಿ. ಒತ್ತುವ ಬಲ ಸುಮಾರು 1.34 ಪಟ್ಟು ಹೆಚ್ಚುತ್ತದೆ. ಆದರೆ ಮಾಸ್ಟರಿನ ಪಿಸ್ಟನ್ 25 ಮಿ.ಮೀ. ಸರಿದಾಗ ಸ್ಲೇವಿನದು ಸರಿಯುವುದು 18.6 ಮಿ.ಮೀ. ಮಾತ್ರ. ಇನ್ನೂ ಹಗುರವಾಗಲಿ ಎಂದು 25 ಮಿ.ಮೀ. ಸ್ಲೇವ್ ಹಾಕಿದರೆ ಬಲ 1.73 ಪಟ್ಟು ಆಗುತ್ತದೆ, ಓಟ 14.4 ಮಿ.ಮೀ.ಗೆ ಇಳಿಯುತ್ತದೆ. ಫೋರ್ಕಿಗೆ 17 ಮಿ.ಮೀ. ಓಟ ಬೇಕಿದ್ದ ಗಾಡಿಯಲ್ಲಿ ಕಾಲಿಗೆ ಪೆಡಲ್ ಬೆಣ್ಣೆಯಂತಿದ್ದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಆದ್ದರಿಂದ ಮೊದಲು ಅಳೆಯಬೇಕಾದದ್ದು ಫೋರ್ಕಿನ ತುದಿ ಎಷ್ಟು ಸರಿಯಬೇಕು ಎಂಬುದನ್ನು. ಸಿಲಿಂಡರ್ ಕೊಳ್ಳುವುದು ಆಮೇಲೆ.

ತಪ್ಪು ಕಲ್ಪನೆ: ಹಳೆ ಕಡ್ಡಿ-ಲಿವರಿನ ಕ್ಲಚ್ ಯಾವುದಕ್ಕೂ ಬಾರದು.

ಸತ್ಯ: ಜೀಪಿನಲ್ಲಿ ಪೆಡಲ್ ಇರುವುದು ಚಾಸಿಸ್ ಮೇಲೆ, ಕ್ಲಚ್ ಫೋರ್ಕ್ ಇರುವುದು ಬೆಲ್ ಹೌಸಿಂಗಿನಲ್ಲಿ. ಎರಡನ್ನೂ ಸೇರಿಸುವ ಅಡ್ಡ ಕೊಳವೆ ಎರಡು ತುದಿಯ ಗುಂಡುಗಳ ಮೇಲೆ ತಿರುಗುತ್ತದೆ. ಈ ಗುಂಡುಗಳೂ ಬುಷ್‌ಗಳೂ ಸವೆದಾಗ ಪೆಡಲಿನ ಅರ್ಧ ಓಟ ಬರಿಯ ಪ್ಲೇಯಲ್ಲೇ ಕಳೆದುಹೋಗುತ್ತದೆ. ಬಹಳ ಗಾಡಿಗಳಲ್ಲಿ ಅವನ್ನು ಹೊಸದು ಮಾಡಿದರೆ ಸಾಕು, ಕ್ಲಚ್ ಸರಿಯಾಗುತ್ತದೆ. ಹೈಡ್ರಾಲಿಕ್ಕಿನ ನಿಜವಾದ ಲಾಭ ಬೇರೆ: ನಡುವೆ ಬಗ್ಗುವ ಹೋಸ್ ಇರುವುದರಿಂದ ರಬ್ಬರ್ ಮೌಂಟಿನ ಮೇಲೆ ಎಂಜಿನ್ ಎಷ್ಟು ಅಲುಗಿದರೂ ಅದು ಪೆಡಲಿಗೆ ತಟ್ಟುವುದಿಲ್ಲ. ಹೊಸ ಗೇರ್‌ಬಾಕ್ಸಿನ ಫೋರ್ಕ್ ಇನ್ನೊಂದು ಬದಿಗಿದ್ದು ಹಳೆ ಕಡ್ಡಿಗಳಿಗೆ ದಾರಿಯೇ ಇಲ್ಲದಾಗಲೂ ಇದೇ ಸರಿಯಾದ ಉಪಾಯ.

ತಪ್ಪು ಕಲ್ಪನೆ: ಹೈಡ್ರಾಲಿಕ್ ಕ್ಲಚ್‌ಗೆ ಪ್ಲೇ ಬೇಡ, ಅದೇ ಅಡ್ಜಸ್ಟ್ ಆಗುತ್ತದೆ.

ಸತ್ಯ: ಹೆಚ್ಚು ಕ್ಲಚ್ ಪ್ಲೇಟುಗಳನ್ನು ಸುಡುವ ನಂಬಿಕೆ ಇದು. ಮಾಸ್ಟರ್ ಸಿಲಿಂಡರಿನೊಳಗೆ ದ್ರವ ತುಂಬುವ ಡಬ್ಬಿಯಿಂದ ಬರುವ ಸೂಜಿಮೊನೆಯಷ್ಟು ಚಿಕ್ಕ ರಂಧ್ರವಿರುತ್ತದೆ. ಕಾಲು ತೆಗೆದಾಗ ಪಿಸ್ಟನ್ ಪೂರ್ತಿ ಹಿಂದೆ ಬಂದು ಆ ರಂಧ್ರ ತೆರೆಯಬೇಕು. ಎಂಜಿನ್ ಶಾಖಕ್ಕೆ ಹಿಗ್ಗಿದ ದ್ರವ, ಪ್ಲೇಟ್ ಸವೆದಂತೆ ಹಿಂದಕ್ಕೆ ತಳ್ಳಲ್ಪಟ್ಟ ದ್ರವ, ಎರಡೂ ಡಬ್ಬಿಗೆ ಮರಳುವುದು ಅಲ್ಲಿಂದಲೇ. ಪೆಡಲಿನಿಂದ ಪಿಸ್ಟನ್ ತಳ್ಳುವ ಪುಷ್‌ರಾಡನ್ನು ಬಿಗಿಯಾಗಿ ಕೂರಿಸಿದರೆ ರಂಧ್ರ ಮುಚ್ಚಿಯೇ ಇರುತ್ತದೆ. ಒಳಗೆ ಒತ್ತಡ ನಿಂತು, ಕಾಲು ಇಡದಿದ್ದರೂ ಕ್ಲಚ್ ಅರ್ಧ ಒತ್ತಿದಂತಾಗುತ್ತದೆ. ಬೆಳಿಗ್ಗೆ ಹೊರಟಾಗ ಚೆನ್ನಾಗಿದ್ದ ಜೀಪು ದೇವರಾಯನದುರ್ಗದ ಏರಿನಲ್ಲಿ ಬಿಸಿಯಾದ ಮೇಲೆ ಎಂಜಿನ್ ಕೂಗಿ, ಗಾಡಿ ಮಾತ್ರ ಏರದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಪುಷ್‌ರಾಡಿಗೂ ಪಿಸ್ಟನ್ನಿಗೂ ನಡುವೆ ಸುಮಾರು 1 ಮಿ.ಮೀ. ಸಡಿಲ ಇರಲಿ.

ಇನ್ನೊಂದು ಪ್ಲೇ ಕೆಳಗಡೆಯದು. ಹಳೆ ಕಾಲದ ಮೂರು ಬೆರಳಿನ ಪ್ರೆಷರ್ ಪ್ಲೇಟ್ ಇದ್ದರೆ ರಿಲೀಸ್ ಬೇರಿಂಗ್ ಸದಾ ತಾಗಿಕೊಂಡು ತಿರುಗಬಾರದು. ಫೋರ್ಕನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಇದ್ದ ಮೇಲೆ ಸವೆತಕ್ಕೆ ತಕ್ಕಂತೆ ಸ್ಲೇವಿನ ಕಡ್ಡಿಯನ್ನು ಕೈಯಿಂದಲೇ ಹೊಂದಿಸುತ್ತಿರಬೇಕು.

ತಪ್ಪು ಕಲ್ಪನೆ: ಡಬ್ಬಿಗೆ ಯಾವ ಆಯಿಲ್ ಆದರೂ ನಡೆಯುತ್ತದೆ.

ಸತ್ಯ: ಎಂಜಿನ್ ಆಯಿಲ್ ಅಥವಾ ಪವರ್ ಸ್ಟೀರಿಂಗ್ ಆಯಿಲ್ ಬಿದ್ದರೆ ಬ್ರೇಕ್ ಫ್ಲೂಯಿಡ್‌ಗೆಂದು ಮಾಡಿದ ರಬ್ಬರ್ ವಾಷರುಗಳು ಉಬ್ಬಿ ಹಾಳಾಗುತ್ತವೆ. ಸಿಲಿಂಡರಿನ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದಿದ್ದರೆ ಅದನ್ನೇ ಹಾಕಿ. ಈ ದ್ರವ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3ರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ತೇವ ಹೀರಿದ ಸ್ಥಿತಿಗೆ ಅದೇ ನಿಯಮದ ಮಿತಿ 140. ಸೈಲೆನ್ಸರ್ ಕೊಳವೆಯ ಪಕ್ಕ ಲೈನ್ ಎಳೆದಿದ್ದರೆ ಹಳೆ ದ್ರವ ಕುದಿದು ಗುಳ್ಳೆ ಕಟ್ಟುತ್ತದೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಪೇಂಟಿನ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ.

ತಪ್ಪು ಕಲ್ಪನೆ: ಬೋಲ್ಟ್ ಕೂತರೆ ಗೇರ್‌ಬಾಕ್ಸ್ ಕೂತಂತೆ.

ಸತ್ಯ: ಅಡಾಪ್ಟರ್ ಪ್ಲೇಟ್ ಮಾಡಿ ಬೋಲ್ಟ್ ಹೊಂದಿಸುವುದು ಕೆಲಸದ ಸುಲಭ ಭಾಗ. ಕಷ್ಟವಿರುವುದು ಕ್ರ್ಯಾಂಕಿನ ನಡುಗೆರೆಯೂ ಗೇರ್‌ಬಾಕ್ಸಿನ ನಡುಗೆರೆಯೂ ಒಂದೇ ಆಗಿಸುವುದರಲ್ಲಿ. ಫ್ಲೈವೀಲಿಗೆ ಡಯಲ್ ಗೇಜ್ ಕಟ್ಟಿ, ಬೆಲ್ ಹೌಸಿಂಗಿನ ರಂಧ್ರದ ಸುತ್ತ ತಿರುಗಿಸಿ ನೋಡಿ. ಎಂಜಿನ್ ಕಟ್ಟುವವರು ಒಪ್ಪುವ ವ್ಯತ್ಯಾಸ ಐದು ಥೌ, ಅಂದರೆ ಸುಮಾರು 0.13 ಮಿ.ಮೀ. ಅದು ಮೀರಿದರೆ ಪೈಲಟ್ ಬುಷ್, ಮುಂದಿನ ಬೇರಿಂಗ್ ಬೇಗ ಹೋಗುತ್ತವೆ. ಪ್ಲೇಟಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು, ಶಾಫ್ಟಿನ ಮೂಗು ಬುಷ್‌ನೊಳಗೆ ತಲುಪಬೇಕು, ತಳ ತಾಗಬಾರದು. ಸಿಜೆ-3ಬಿಯ ವೀಲ್‌ಬೇಸ್ ಬರೀ 80 ಇಂಚು. ಉದ್ದದ ಗೇರ್‌ಬಾಕ್ಸ್ ಬಂದಷ್ಟೂ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಿ ಅದರ ಓರೆ ಹೆಚ್ಚುತ್ತದೆ, ಕ್ರಾಸ್‌ಗಳು ಸವೆಯುತ್ತವೆ.

ತಪ್ಪು ಕಲ್ಪನೆ: ಐದನೇ ಗೇರ್ ಬಂದರೆ ಶಕ್ತಿ ಹೆಚ್ಚುತ್ತದೆ.

ಸತ್ಯ: ಶಕ್ತಿ ಎಂಜಿನ್ನಿನದು, ಗೇರ್ ಅದನ್ನು ಹೆಚ್ಚಿಸದು. ಸಿಜೆ-3ಬಿಯ ಮೂರು ಗೇರಿನ ಟಿ-90 ಪೆಟ್ಟಿಗೆಯಲ್ಲಿ ಟಾಪ್ ಗೇರ್ 1:1. ಆಕ್ಸಲ್ 5.38 ಇದ್ದು 6.00-16 ಟೈರ್ ಇದ್ದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಎಂಜಿನ್ ಸುಮಾರು 2,400 ಸುತ್ತು ತಿರುಗುತ್ತದೆ. ಐದನೇ ಗೇರ್ 0.8 ಆಗಿದ್ದರೆ ಅದೇ ವೇಗಕ್ಕೆ 1,900 ಚಿಲ್ಲರೆ ಸಾಕು. ಸದ್ದು, ಸವೆತ ಎರಡೂ ಕಡಿಮೆ. ಆದರೆ ಮೂಲ ಬ್ರೇಕು 9 ಇಂಚಿನ ಡ್ರಮ್ಮಿನದೇ ಆಗಿದ್ದರೆ, ಹೆದ್ದಾರಿಯಲ್ಲಿ ಬಸ್ಸುಗಳ ಜೊತೆ ಓಡಲು ಆ ಗೇರನ್ನು ಬಳಸಬೇಡಿ.

ತಪ್ಪು ಕಲ್ಪನೆ: ಗೇರ್ ಕರಕರ ಅಂದರೆ ಗೇರ್‌ಬಾಕ್ಸ್ ಹೋಗಿದೆ.

ಸತ್ಯ: ಟಿ-90ರ ಮೊದಲ ಗೇರಿಗೆ ಸಿಂಕ್ರೊ ಇಲ್ಲ, ಗಾಡಿ ನಿಲ್ಲಿಸಿಯೇ ಹಾಕಬೇಕು. ಹೊಸ ಪೆಟ್ಟಿಗೆಯಲ್ಲೂ ಸದ್ದು ಬಂದರೆ ಒಂದು ಪರೀಕ್ಷೆ ಮಾಡಿ. ಎಂಜಿನ್ ಓಡುತ್ತಿರಲಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ ಐದಾರು ಸೆಕೆಂಡ್ ಕಾದು ರಿವರ್ಸ್ ಹಾಕಿ. ಆಗಲೂ ಕರಕರ ಅಂದರೆ ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಎರಡು ಸಲ ಪಂಪ್ ಮಾಡಿದ ಮೇಲೆ ಸರಿಹೋದರೆ ಲೈನಿನಲ್ಲಿ ಗಾಳಿ ಇದೆ, ಬ್ಲೀಡ್ ಮಾಡಿ. ಸರಿಹೋಗದಿದ್ದರೆ ಫೋರ್ಕಿನ ಓಟ ಅಳೆಯಿರಿ. ಓಟವೂ ಸರಿಯಿದ್ದರೆ ಪೈಲಟ್ ಬುಷ್ ಶಾಫ್ಟನ್ನು ಕಚ್ಚಿ ಹಿಡಿದಿರಬಹುದು.

ತಪ್ಪು ಕಲ್ಪನೆ: ಆರ್‌ಸಿಯಲ್ಲಿ ಗೇರ್‌ಬಾಕ್ಸ್ ನಂಬರ್ ಇಲ್ಲ, ಹಾಗಾಗಿ ಏನು ಬದಲಿಸಿದರೂ ನಡೆಯುತ್ತದೆ.

ಸತ್ಯ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡನ್ನು ತಡೆಯುತ್ತದೆ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಎಂಜಿನ್ ಬದಲಿಸುವುದಿದ್ದರೆ, ಚಾಸಿಸ್ ಕತ್ತರಿಸುವುದಿದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ಸಿಗುತ್ತದೆ. ಅದಕ್ಕೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು.

ಆದ್ದರಿಂದ ಗ್ಯಾಸ್ ಕಟರ್ ಹೊತ್ತಿಸುವ ಮೊದಲೇ ತೀರ್ಮಾನಿಸಿ: ನಿಮಗೆ ಬೇಕಾದದ್ದು ದಿನಬಳಕೆಯ ಜೀಪೋ, ವಿಂಟೇಜ್ ಜೀಪೋ? ಯಾವುದಾದರೂ ಸರಿ, ಚಾಸಿಸ್ ಕುಯ್ಯದೆ ಬೋಲ್ಟಿನಲ್ಲೇ ನಿಲ್ಲುವಂತೆ ಬ್ರಾಕೆಟ್ ಮಾಡಿಸಿ. ಹಳೆ ಗೇರ್‌ಬಾಕ್ಸ್, ಬೆಲ್ ಹೌಸಿಂಗ್, ಪೆಡಲ್ ಕಡ್ಡಿಗಳನ್ನು ಗುಜರಿಗೆ ಹಾಕದೆ ಗ್ರೀಸ್ ಬಳಿದು ಎತ್ತಿಡಿ. ಹಾಕಿದ ಸಿಲಿಂಡರಿನ ಅಳತೆ, ಪ್ಲೇಟಿನ ಹಲ್ಲು, ಬೇರಿಂಗ್ ನಂಬರ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಗಾಡಿಯ ಕಾಗದಪತ್ರದ ಜೊತೆಗೇ ಇಡಿ. ಮುಂದೆ ಆ ಜೀಪನ್ನು ಬಿಚ್ಚುವ ಮೆಕ್ಯಾನಿಕ್ ಯಾರೇ ಆಗಿರಲಿ, ಅವರಿಗೆ ಅಂದಾಜಿನ ಮೇಲೆ ಕೆಲಸ ಮಾಡುವ ಗತಿ ಬರಬಾರದು.